ಆಜಾದ್ ಮೈದಾನದ ಹುಡುಗರು

"ಶಾಳಾ ಕುಠಲೀ?"

1982ರಲ್ಲಿ ಮುಂಬಯಿಯ ಫೋರ್ಟ್ ಭಾಗದ ಬ್ಯಾಂಕ್ ಶಾಖೆಯೊಂದಕ್ಕೆ ಕ್ಲಾರ್ಕ್ ಆಗಿ ಸೇರಿದ ಮೊದಲ ವಾರವೇ, ಡಬ್ಬಿ ಬಿಚ್ಚುವ ಹೊತ್ತಿನಲ್ಲಿ, ನನ್ನನ್ನು ಕೇಳಿದ ಪ್ರಶ್ನೆ ಇದು. ಯಾವ ಶಾಲೆ? ಊರು, ಜಾತಿ, ಸಂಬಳ ಎಲ್ಲ ಆಮೇಲೆ. ನಾನು ಗದಗಿನ ಕಡೆಯ ನನ್ನ ಹೈಸ್ಕೂಲಿನ ಹೆಸರು ಹೇಳಿದೆ. ಕೇಳಿದವರು ಮೂವರು: ಒಬ್ಬ ಸೇಂಟ್ ಝೇವಿಯರ್ಸ್‌ನಲ್ಲಿ ಕಲಿತವನು, ಒಬ್ಬ ದಾದರಿನ ಕಿಂಗ್ ಜಾರ್ಜ್, ಇನ್ನೊಬ್ಬ ಅಂಜುಮನ್-ಎ-ಇಸ್ಲಾಂ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಹಾಗಾದರೆ ನಿನಗೆ ಯಾವ ಪಾರ್ಟಿಯೂ ಇಲ್ಲ. ನೀನೇ ಅಂಪೈರ್" ಅಂದುಬಿಟ್ಟರು.

ವಾದ ಏನೆಂದರೆ, ಮುಂಬಯಿಯ ಶಾಲಾ ಕ್ರಿಕೆಟ್ಟಿನಲ್ಲಿ ಇದುವರೆಗೆ ಎಲ್ಲರಿಗಿಂತ ದೊಡ್ಡ ಹುಡುಗ ಯಾರು? ದೊಡ್ಡವನಾದ ಮೇಲೆ ಏನು ಮಾಡಿದ ಎಂಬುದು ಲೆಕ್ಕಕ್ಕಿಲ್ಲ. ಚಡ್ಡಿ-ಪ್ಯಾಂಟಿನ ವಯಸ್ಸಿನಲ್ಲಿ, ಶಾಲೆಯ ಟೋಪಿ ಹಾಕಿಕೊಂಡು ಆಡಿದ್ದು ಮಾತ್ರ.

ನಮ್ಮ ಕಡೆಯ ಓದುಗರಿಗೆ ಇದು ಹುಚ್ಚು ಅನ್ನಿಸಬಹುದು. ಬೆಂಗಳೂರಿನವರಿಗೆ ಕಾಟೋನಿಯನ್ ಶೀಲ್ಡ್ ಗೊತ್ತಿದೆ. ಆದರೆ ಮುಂಬಯಿಯ ಹ್ಯಾರಿಸ್ ಶೀಲ್ಡ್ ಮತ್ತು ಗೈಲ್ಸ್ ಶೀಲ್ಡ್‌ಗಳ ಸಂಗತಿಯೇ ಬೇರೆ. ಹ್ಯಾರಿಸ್ ಶೀಲ್ಡ್‌ಗೆ 1890ರಿಂದ 1895ರವರೆಗೆ ಮುಂಬಯಿಯ ಗವರ್ನರ್ ಆಗಿದ್ದ ಲಾರ್ಡ್ ಹ್ಯಾರಿಸ್ ಹೆಸರು. ದೊಡ್ಡ ಹುಡುಗರಿಗೆ ಅದು, ಹದಿನಾಲ್ಕರೊಳಗಿನವರಿಗೆ ಗೈಲ್ಸ್. ಪಂದ್ಯ ಒಂದು ಮಧ್ಯಾಹ್ನದಲ್ಲಿ ಮುಗಿಯುವಂಥದ್ದಲ್ಲ, ಎರಡು-ಮೂರು ದಿನ ನಡೆಯುತ್ತದೆ. ಇಷ್ಟೇ ಓವರು ಎಂಬ ಕಟ್ಟು ಇಲ್ಲದಿದ್ದರೆ ಚೆನ್ನಾಗಿ ಆಡುವ ಹುಡುಗ ದಿನವಿಡೀ ನಿಂತುಬಿಡಬಹುದು. ನೂರು ಹೊಡೆದರೆ ಮರುದಿನ ಪತ್ರಿಕೆಯಲ್ಲಿ ಹೆಸರು. ಆಜಾದ್ ಮೈದಾನದಲ್ಲಿ 22 ಪಿಚ್ಚುಗಳಿವೆ. ಒಂದು ಪಂದ್ಯದ ಡೀಪ್ ಫೀಲ್ಡರ್ ಇನ್ನೊಂದು ಪಂದ್ಯದ ಅಂಪೈರನ ಬೆನ್ನಿಗೆ ಬೆನ್ನು ತಾಗಿಸಿ ನಿಂತಿರುತ್ತಾನೆ. ವಿ.ಟಿ.ಯಿಂದ ಚರ್ಚ್‌ಗೇಟಿಗೆ ನಡೆದು ಹೋಗುವವನು ಹತ್ತಾರು ಪಂದ್ಯ ದಾಟಿಕೊಂಡೇ ಹೋಗಬೇಕು. ನಾನೂ ದಾಟಿದೆ. ಎಷ್ಟೋ ಸಲ ಕೌಂಟರಿಗೆ ತಡವಾಗಿ ಹೋಗಿ ಬೈಸಿಕೊಂಡೆ.

ಆ ಕಾಲಕ್ಕೆ ವಾದ ಸುತ್ತುತ್ತಿದ್ದುದು ಸುನಿಲ್ ಗಾವಸ್ಕರ್ ಸುತ್ತ. 1966ರಲ್ಲಿ ದೇಶದ ಅತ್ಯುತ್ತಮ ಶಾಲಾ ಕ್ರಿಕೆಟಿಗ ಎಂಬ ಮನ್ನಣೆ ಪಡೆದವರು. ಝೇವಿಯರ್ಸ್‌ನವರೇ, ಹೀಗಾಗಿ ನಮ್ಮ ಝೇವಿಯರ್ಸ್ ಮಿತ್ರ ಎದೆ ಉಬ್ಬಿಸಿ ಕೂರುತ್ತಿದ್ದ. ಕಿಂಗ್ ಜಾರ್ಜಿನವನು ತನ್ನ ಶಾಲೆಯ ದಿಲೀಪ್ ವೆಂಗ್‌ಸರ್ಕಾರ್ ಹೆಸರು ತೆಗೆಯುತ್ತಿದ್ದ. ನಾನು ತೀರ್ಪು ಮುಂದಕ್ಕೆ ಹಾಕುತ್ತಿದ್ದೆ. ನಿಜ ಹೇಳಬೇಕೆಂದರೆ ನನ್ನ ಮನಸ್ಸಿನಲ್ಲಿದ್ದುದು 1973–74ರ ರಣಜಿ ಸೆಮಿಫೈನಲ್ಲು. ಅಲ್ಲಿ ಪ್ರಸನ್ನ ಇದೇ ಗಾವಸ್ಕರರನ್ನು ಬೌಲ್ಡ್ ಮಾಡಿದ್ದು, ಹದಿನೈದು ವರ್ಷ ಕಪ್ ಬಿಡದ ಮುಂಬಯಿಯನ್ನು ಕರ್ನಾಟಕ ಹೊರಗಟ್ಟಿದ್ದು. ಆ ಮೂವರ ಮುಂದೆ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಬರಲು ಎರಡು ವರ್ಷ ಬೇಕಾಯಿತು.

ಊಟದ ಮೇಲಿನ ಚಹಾ ಮೆಟ್ರೋ ಸಿನಿಮಾದ ಹಿಂದಿನ ಗಲ್ಲಿಯ ಉಡುಪಿ ಹೋಟೆಲಿನಲ್ಲಿ. ಗಲ್ಲಾಪೆಟ್ಟಿಗೆಯ ಹಿಂದೆ ಕೂರುತ್ತಿದ್ದ ಶೆಟ್ಟರು ಕುಂದಾಪುರದ ಕಡೆಯವರು. ನಮ್ಮ ಜಗಳ ದಿನಾ ಕೇಳಿ ಕೇಳಿ ಒಂದು ದಿನ ಚಿಲ್ಲರೆ ಎಣಿಸುತ್ತಲೇ ಕನ್ನಡದಲ್ಲಿ ನನಗಷ್ಟೇ ಅಂದರು: "ಎಂತ ಮಾರಾಯ್ರೆ, ಸೋಳ್ಕರ್ ಹೆಸರು ಒಬ್ರೂ ಹೇಳುದಿಲ್ಲ ಅಲ್ಲ?"

ಏಕನಾಥ ಸೋಳ್ಕರ್! 27 ಟೆಸ್ಟುಗಳಲ್ಲಿ 53 ಕ್ಯಾಚು. ಅದೂ ಹೆಲ್ಮೆಟ್ ಇಲ್ಲದೆ, ಬ್ಯಾಟ್ಸ್‌ಮನ್ನನ ಮೂಗಿನ ಕೆಳಗೆ ನಿಂತು. ಅವರ ತಂದೆ ಹಿಂದೂ ಜಿಮ್ಖಾನಾದಲ್ಲಿ ಮೈದಾನ ನೋಡಿಕೊಳ್ಳುವ ಮಾಲಿ. ಜಿಮ್ಖಾನಾದ ಆವರಣದ ಗುಡಿಸಲಿನಲ್ಲೇ ಬೆಳೆದ ಹುಡುಗ 1965–66ರಲ್ಲಿ ಲಂಡನ್ ಶಾಲೆಗಳ ತಂಡ ಬಂದಾಗ ಭಾರತೀಯ ಶಾಲೆಗಳ ತಂಡಕ್ಕೆ ನಾಯಕ. ಆ ತಂಡದಲ್ಲಿ ಗಾವಸ್ಕರ್ ಇದ್ದರು, ಮೊಹಿಂದರ್ ಅಮರನಾಥ್ ಇದ್ದರು. ನಾನು ಶೆಟ್ಟರ ಮಾತನ್ನು ಹಿಂದಿಯಲ್ಲಿ ಮೇಜಿಗೆ ದಾಟಿಸಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಝೇವಿಯರ್ಸ್‌ನವನು "ರನ್ ಎಷ್ಟು ಹೊಡೆದಿದ್ದ?" ಅಂದ. ಅಲ್ಲಿಗೆ ಮತ್ತೆ ಜಗಳ ಶುರು.

ಈ ವಾದವನ್ನು ಬುಡಮೇಲು ಮಾಡಿದ್ದು 1988ರ ಫೆಬ್ರವರಿ. ಆಜಾದ್ ಮೈದಾನದಲ್ಲಿ ಹ್ಯಾರಿಸ್ ಶೀಲ್ಡ್ ಸೆಮಿಫೈನಲ್. ಶಾರದಾಶ್ರಮ ವಿದ್ಯಾಮಂದಿರ ಒಂದು ಕಡೆ, ಝೇವಿಯರ್ಸ್ ಇನ್ನೊಂದು ಕಡೆ. ಎರಡು ವಿಕೆಟ್ ಬಿದ್ದಾಗ ಶಾರದಾಶ್ರಮದ ಮೊತ್ತ 84. ಆಗ ಜೊತೆಯಾದವರು ಹದಿನಾಲ್ಕು ವರ್ಷದ ಸಚಿನ್ ತೆಂಡೂಲ್ಕರ್, ಹದಿನಾರರ ವಿನೋದ್ ಕಾಂಬ್ಳಿ. ಮುಂದೆ ವಿಕೆಟ್ಟೇ ಬೀಳಲಿಲ್ಲ. 664 ರನ್ನಿನ ಜೊತೆಯಾಟ. ಕಾಂಬ್ಳಿ ಔಟಾಗದೆ 349, ಸಚಿನ್ ಔಟಾಗದೆ 326. ಡಿಕ್ಲೇರ್ ಮಾಡಿ ಎಂದು ಸಹಾಯಕ ಕೋಚ್ ಲಕ್ಷ್ಮಣ ಚವ್ಹಾಣ್ ಅಂಚಿನಿಂದ ಕೂಗಿ ಕೂಗಿ ಸುಸ್ತಾದರು. ಹುಡುಗರಿಬ್ಬರೂ ಆ ಕಡೆ ತಿರುಗಿಯೂ ನೋಡಲಿಲ್ಲ. ಕೊನೆಗೆ ಗುರು ರಮಾಕಾಂತ್ ಆಚ್ರೇಕರ್ ಅವರ ಮಾತು ಫೋನಿನಲ್ಲಿ ಬಂದ ಮೇಲೆ 748ಕ್ಕೆ ಡಿಕ್ಲೇರ್. ಇನ್ನೊಂದೇ ರನ್ನು ಹೊಡೆದು 350 ಮಾಡಿಕೊಳ್ಳುತ್ತೇನೆ ಎಂದು ಕಾಂಬ್ಳಿ ಬೇಡಿಕೊಂಡರಂತೆ. ಗುರುಗಳು ಒಪ್ಪಲಿಲ್ಲ. ಆ ಸಿಟ್ಟನ್ನು ಬೌಲಿಂಗಿನಲ್ಲಿ ತೀರಿಸಿಕೊಂಡರೋ ಏನೋ, 37 ರನ್ನಿಗೆ 6 ವಿಕೆಟ್. ಝೇವಿಯರ್ಸ್ 145ಕ್ಕೆ ಮುಗಿಯಿತು. ಆ ತಂಡದಲ್ಲಿ ಬೌಲಿಂಗ್ ಮಾಡಿ ದಣಿದ ಹುಡುಗರಲ್ಲೊಬ್ಬ ಸಾಯಿರಾಜ್ ಬಹುತುಳೆ, 2001ರಲ್ಲಿ ಭಾರತಕ್ಕೆ ಟೆಸ್ಟ್ ಆಡಿದವರು.

ನಮ್ಮ ಝೇವಿಯರ್ಸ್ ಮಿತ್ರ ಒಂದು ವಾರ ಚಹಾಕ್ಕೆ ಬರಲಿಲ್ಲ. ಫೈನಲ್ಲಿನಲ್ಲಿ ಸಚಿನ್ ಅಂಜುಮನ್ ಮೇಲೆ ಔಟಾಗದೆ 346 ಹೊಡೆದಾಗ ಅಂಜುಮನ್‌ನವನೂ ಸುಮ್ಮನಾದ.

ಅಂಪೈರ್ ಆದ ನಾನು ಆಗ ತೀರ್ಪು ಕೊಟ್ಟೇಬಿಟ್ಟೆ: ಸಚಿನ್. ಇವತ್ತಿಗೂ ನನ್ನ ಅಭಿಪ್ರಾಯ ಅದೇ. ಒಂದೇ ಸೀಸನ್ನಿನಲ್ಲಿ ಹಾಗೆ ಆಡಿದ ಹದಿನಾಲ್ಕರ ಹುಡುಗ ಇನ್ನೊಬ್ಬ ಇಲ್ಲ. ಆದರೆ ಶೆಟ್ಟರು ತಲೆ ಅಲ್ಲಾಡಿಸಿದರು. "ಅಲ್ಲ ರಾಯ್ರೆ, ಆ ಎರಡು ದಿನ ಪ್ಯಾಡ್ ಕಟ್ಟಿಕೊಂಡು ಕೂತ ಹುಡುಗ ಒಬ್ಬ ಇದ್ದ ಅಲ್ಲ? ಅವನ ಆಟ ನೀವು ಕಂಡದ್ದು ಉಂಟಾ? ಕಾಣದೆ ಹೇಗೆ ಹೇಳುದು?"

ಆ ಹುಡುಗ ಅಮೋಲ್ ಮುಜುಂದಾರ್. ಮುಂದಿನ ಬ್ಯಾಟ್ಸ್‌ಮನ್ ತಾನೇ ಎಂದು ಕಾದು ಕಾದು ಕೊನೆಗೆ ಪ್ಯಾಡ್ ಬಿಚ್ಚಿಟ್ಟ ಹುಡುಗ. 1994ರಲ್ಲಿ ತನ್ನ ಮೊದಲ ರಣಜಿ ಪಂದ್ಯದಲ್ಲೇ ಹರಿಯಾಣದ ಮೇಲೆ 260 ಹೊಡೆದರು. ಪ್ರಥಮ ದರ್ಜೆಯಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ರನ್. ಭಾರತಕ್ಕೆ ಒಂದು ಪಂದ್ಯವೂ ಇಲ್ಲ, ಯಾಕೆಂದರೆ ಅವರ ಕಾಲಕ್ಕೆ ದ್ರಾವಿಡ್, ಲಕ್ಷ್ಮಣ್, ಗಂಗೂಲಿ ಬಾಗಿಲಲ್ಲೇ ನಿಂತಿದ್ದರು. ಇನ್ನು ಕಾಂಬ್ಳಿಯವರದು ಎಲ್ಲರಿಗೂ ಗೊತ್ತಿರುವ ಕಥೆ. 17 ಟೆಸ್ಟ್, ಸರಾಸರಿ 54.20, ಕೊನೆಯ ಟೆಸ್ಟ್ 1995ರಲ್ಲಿ, ಆಗ ವಯಸ್ಸು 23.

664ರ ನಂತರ ವಾದದ ರೂಪವೇ ಬದಲಾಯಿತು. ಅಲ್ಲಿಯವರೆಗೆ ಕವರ್ ಡ್ರೈವ್ ಬಗ್ಗೆ, ಗುಂಡಿಗೆಯ ಬಗ್ಗೆ ಜಗಳಾಡುತ್ತಿದ್ದೆವು. ಆಮೇಲೆ ಬರೀ ಅಂಕಿ. ಜೊತೆಯಾಟದ ದಾಖಲೆ 2006ರಲ್ಲಿ ಹೈದರಾಬಾದಿಗೆ ಹೋಯಿತು, ಅಲ್ಲಿನ ಇಬ್ಬರು ಚಿಕ್ಕ ಹುಡುಗರು 721 ಸೇರಿಸಿದರು. 2009ರಲ್ಲಿ ಹ್ಯಾರಿಸ್ ಶೀಲ್ಡ್‌ನಲ್ಲಿ ಸರ್ಫರಾಜ್ ಖಾನ್ 439. ಮರುವರ್ಷ ಗೈಲ್ಸ್‌ನಲ್ಲಿ ಅರ್ಮಾನ್ ಜಾಫರ್ 498. 2013ರ ನವೆಂಬರಿನಲ್ಲಿ ಪೃಥ್ವಿ ಶಾ 330 ಎಸೆತಗಳಲ್ಲಿ 546. ಕೊನೆಗೆ 2016ರ ಜನವರಿಯಲ್ಲಿ ಕಲ್ಯಾಣದಲ್ಲಿ ಭಂಡಾರಿ ಕಪ್ ಪಂದ್ಯವೊಂದರಲ್ಲಿ ಪ್ರಣವ್ ಧನಾವಡೆ ಔಟಾಗದೆ 1,009. ಆಟೋ ಓಡಿಸುವವರ ಮಗ. 1899ರಿಂದ ಇಂಗ್ಲೆಂಡಿನ ಕಾಲಿನ್ಸ್ ಎಂಬ ಶಾಲಾ ಹುಡುಗನ ಹೆಸರಿನಲ್ಲಿದ್ದ 628ರ ದಾಖಲೆ ಅವತ್ತು ಮುರಿಯಿತು.

ಇದರಲ್ಲಿ ಒಂದು ಮಾತು ಹೇಳಲೇಬೇಕು. ಕಲ್ಯಾಣದ ಪಂದ್ಯದಲ್ಲಿ ಎದುರಾಳಿ ತಂಡ ಎರಡು ಇನಿಂಗ್ಸ್‌ನಲ್ಲಿ ಮಾಡಿದ್ದು 31 ಮತ್ತು 52. ಬೌಲಿಂಗ್ ಮಾಡಿದ ಮಕ್ಕಳಿಗೆ ಅವತ್ತು ರಾತ್ರಿ ತೋಳು ಎತ್ತಲಾಗಿತ್ತೋ ಇಲ್ಲವೋ. ಸಾವಿರ ರನ್ ಸಣ್ಣದಲ್ಲ, ಬಿಸಿಲಲ್ಲಿ ನಿಲ್ಲುವುದಕ್ಕೇ ಒಂದು ತಾಕತ್ತು ಬೇಕು. ಆದರೆ ಅದರಿಂದ ಹುಡುಗನ ಅಳತೆ ಸಿಗುತ್ತದೆಯೇ? ಮರುವರ್ಷವೇ ಆ ಮನೆಯವರು ಮುಂಬಯಿ ಕ್ರಿಕೆಟ್ ಸಂಸ್ಥೆ ಕೊಡುತ್ತಿದ್ದ ವಿದ್ಯಾರ್ಥಿವೇತನ ಸಾಕು ಎಂದರು. ಹದಿನೈದನೇ ವಯಸ್ಸಿಗೆ ಇಡೀ ಜಗತ್ತು ಒಂದು ಸಂಖ್ಯೆಯನ್ನು ಹೆಗಲ ಮೇಲೆ ಹೊರಿಸಿದರೆ ನಡೆಯುವುದು ಹೇಗೆ?

ಇನ್ನೊಂದು, ದೊಡ್ಡ ಶಾಲಾ ತಂಡಗಳು ತಾವಾಗಿ ಹುಟ್ಟುವುದಿಲ್ಲ. ಸಚಿನ್ ಮೊದಲು ಓದುತ್ತಿದ್ದುದು ಬಾಂದ್ರಾದ ಬೇರೆ ಶಾಲೆ. ಒಳ್ಳೆಯ ಪಂದ್ಯ ಸಿಗಲೆಂದು ಶಾರದಾಶ್ರಮಕ್ಕೆ ಸೇರಿಸಿದ್ದು ಆಚ್ರೇಕರ್ ಮಾತಿನ ಮೇಲೆ. ಕಾಂಬ್ಳಿ ಕಾಂಜೂರಮಾರ್ಗದ ಚಾಳಿನಿಂದ ಬರುತ್ತಿದ್ದರು. ಪೃಥ್ವಿ ಶಾ ವಿರಾರಿನಿಂದ ಬಾಂದ್ರಾಕ್ಕೆ, ಅಪ್ಪನ ಜೊತೆ. ಬೆಳಗಿನ ವಿರಾರ್ ಲೋಕಲ್ಲಿನಲ್ಲಿ ಒಮ್ಮೆ ನಿಂತು ಬಂದವರಿಗೆ ಗೊತ್ತು, ಅಲ್ಲಿ ಕಿಟ್ ಬ್ಯಾಗ್ ಇರಲಿ, ಉಸಿರಿಗೇ ಜಾಗ ಇಲ್ಲ. ಈ ಆಟದಲ್ಲಿ ಯಾರದೋ ಅಪ್ಪನ ನೌಕರಿ, ಯಾವುದೋ ತಾಯಿಯ ಬೆಳಗಿನ ನಾಲ್ಕು ಗಂಟೆಯ ನಿದ್ದೆ ಖರ್ಚಾಗಿರುತ್ತದೆ.

ಸೋಳ್ಕರ್ ಪರವಾಗಿ ಶೆಟ್ಟರು ಯಾಕೆ ಅಷ್ಟು ಹಟ ಹಿಡಿಯುತ್ತಿದ್ದರು ಎಂಬುದು ನನಗೆ ಗೊತ್ತಾದದ್ದು ಬಹಳ ತಡವಾಗಿ. 2005ರಲ್ಲಿ ಸೋಳ್ಕರ್ ತೀರಿಕೊಂಡ ಮರುದಿನ, ಹೋಟೆಲ್ ಖಾಲಿ ಇದ್ದ ಹೊತ್ತು. ಶೆಟ್ಟರಿಗೂ ಸೋಳ್ಕರರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಹನ್ನೆರಡಕ್ಕೆ ಊರು ಬಿಟ್ಟು ಬಂದು ಇದೇ ಗಲ್ಲಿಯ ಇನ್ನೊಂದು ಹೋಟೆಲಿನಲ್ಲಿ ಲೋಟ ತೊಳೆದವರು. ಹಗಲು ಕೆಲಸ, ರಾತ್ರಿ ಶಾಲೆ. ಮುಂಬಯಿಯ ಕನ್ನಡಿಗರ ಇತಿಹಾಸದಲ್ಲಿ ಈ ರಾತ್ರಿ ಶಾಲೆಗಳದ್ದೇ ಒಂದು ದೊಡ್ಡ ಅಧ್ಯಾಯ. ಮೊಗವೀರ ಮಂಡಳಿಯ ಉಚಿತ ರಾತ್ರಿ ಶಾಲೆಯಂಥವು ಹಿಂದಿನ ಶತಮಾನದ ಆರಂಭದಿಂದಲೇ ಹೋಟೆಲ್ ಹುಡುಗರಿಗೆ ಅಕ್ಷರ ಕೊಟ್ಟವು. ಅಲ್ಲಿ ಕಲಿತವರು ಬ್ಯಾಂಕ್ ಮ್ಯಾನೇಜರ್ ಆದರು, ವಕೀಲರಾದರು, ಹೋಟೆಲ್ ಮಾಲೀಕರಾದರು.

"ಮೈದಾನಕ್ಕೆ ಚಹಾ ಕೊಂಡು ಹೋಗುದು ನಾನೇ" ಅಂದರು ಶೆಟ್ಟರು. "ಒಂದ್ಸಲ ಬಾಲು ನನ್ನ ಕಾಲಿನ ಹತ್ತಿರ ಬಂತು. ಎತ್ತಿ ಬಿಸಾಡಿದೆ. ಸೀದಾ ಸ್ಟಂಪಿಗೆ. ಒಬ್ಬರು ಮಾಸ್ತರು ಕರೆದು ಕೇಳಿದರು, ಯಾವ ಶಾಲೆ ಅಂತ. ಹೇಳಿದೆ. ಅವರಿಗೆ ಗೊತ್ತಿರಲಿಲ್ಲ. ಎಷ್ಟೊತ್ತಿಗೆ ಶಾಲೆ ಅಂದರು. ರಾತ್ರಿ ಏಳಕ್ಕೆ ಅಂದೆ. ಮ್ಯಾಚು ಬೆಳಿಗ್ಗೆ, ನಮ್ಮ ಶಾಲೆ ರಾತ್ರಿ. ಅವರಾದರೂ ಎಂತ ಮಾಡುದು?"

"ಆಮ್ಯಾಲೇನಾತ್ರೀ ಶೆಟ್ರ?"

"ಎಂತ ಆಗುದು? ಲೋಟ ಎಣಿಸಿಕೊಂಡು ಬಂದೆ."

ಇಪ್ಪತ್ತಮೂರು ವರ್ಷ ಆ ಮೇಜಿನಲ್ಲಿ ಅಂಪೈರ್ ಆಗಿ ಕೂತಿದ್ದೆ. "ಶಾಳಾ ಕುಠಲೀ?" ಎಂದು ಶೆಟ್ಟರನ್ನು ಯಾರೂ ಕೇಳಿರಲಿಲ್ಲ, ನಾನೂ ಸೇರಿ.

ಈಗ ಹೋಟೆಲ್ ಇಲ್ಲ. ಶೆಟ್ಟರು ಊರಿನಲ್ಲಿದ್ದಾರೆ, ನಾನು ಡೊಂಬಿವಲಿಯಲ್ಲೇ ಉಳಿದೆ. ವಾದ ಫೋನಿನಲ್ಲಿ ಮುಂದುವರಿದಿದೆ. 2024ರ ಅಕ್ಟೋಬರಿನಲ್ಲಿ ನಮ್ಮ ಚಿನ್ನಸ್ವಾಮಿಯಲ್ಲಿ ನ್ಯೂಜಿಲೆಂಡ್ ಮೇಲೆ ಸರ್ಫರಾಜ್ 150 ಹೊಡೆದಾಗ ಅವರೇ ಫೋನ್ ಮಾಡಿದ್ದರು. ಅದೇ ತಿಂಗಳು ಪೃಥ್ವಿ ಶಾ ಮುಂಬಯಿಯ ರಣಜಿ ತಂಡದಿಂದ ಹೊರಬಿದ್ದರು. ಡಿಸೆಂಬರಿನಲ್ಲಿ ಶಿವಾಜಿ ಪಾರ್ಕಿನಲ್ಲಿ ಆಚ್ರೇಕರ್ ಸ್ಮಾರಕದ ಅನಾವರಣ. ಅಲ್ಲಿ ಕಾಂಬ್ಳಿ ಸಚಿನ್ ಕೈ ಹಿಡಿದು ಬಿಡದೆ ಕೂತದ್ದನ್ನು ಟಿ.ವಿ.ಯಲ್ಲಿ ನೋಡಿದ ದಿನ ಇಬ್ಬರೂ ಹೆಚ್ಚು ಮಾತಾಡಲಿಲ್ಲ.

2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ಭಾರತದ ಹೆಣ್ಣುಮಕ್ಕಳು ವಿಶ್ವಕಪ್ ಗೆದ್ದರು. ಕೋಚ್ ಅಮೋಲ್ ಮುಜುಂದಾರ್. ನಡುರಾತ್ರಿ ದಾಟಿತ್ತು, ಫೋನ್ ಬಂತು. "ಕಂಡ್ರಾ ರಾಯ್ರೆ, ಪ್ಯಾಡ್ ಕಟ್ಟಿದ ಹುಡುಗ!" ಶೆಟ್ಟರ ಗಂಟಲು ಕಟ್ಟಿತ್ತು.

"ಹಂಗಾರ ನಿಮ್ಮ ವೋಟು ಈಗ ಅಮೋಲ್‌ಗೇನ್ರೀ?" ಅಂದೆ.

"ಇಲ್ಲಪ್ಪ," ಅಂದರು, "ಸೋಳ್ಕರ್‌ಗೇ."