ಅರಮನೆಯ 360 ಎಲೆ, ಪೇಟೆಯ 96

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳೆಲ್ಲ ಹಿಂದೆ ಮೈಸೂರು ರಾಜ್ಯದಲ್ಲಿದ್ದವು. 1830ರಲ್ಲಿ ಕಂದಾಯದ ಹೊರೆ ತಾಳದೆ ನಗರ ಸೀಮೆಯ ರೈತರು ದಂಗೆ ಎದ್ದರು. ಹೊನ್ನಾಳಿಯೂ ಅದರ ಕಣವಾಯಿತು. ಅದನ್ನೇ ಮುಂದೊಡ್ಡಿ 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತ ಕಿತ್ತುಕೊಂಡರು. ಅಧಿಕಾರವಿಲ್ಲದ ದೊರೆ ಗ್ರಂಥ, ಚಿತ್ರ, ಆಟಗಳತ್ತ ತಿರುಗಿದರು.

ಅವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಗಂಜೀಫಾ ಎಲೆಯಾಟಗಳ ವಿವರವಿದೆ. ಅವರು ಹೊಸೆದ ಕಟ್ಟುಗಳು 18 ಬಣ್ಣ, 360 ಎಲೆಗಳವರೆಗೂ ಬೆಳೆದವು. ಜೊತೆಗೆ ತುರುಪಿನ ಲೆಕ್ಕಾಚಾರ ಬೇರೆ. ಅಷ್ಟೂ ಎಲೆಗಳಿಗೆ ಕೈಯಿಂದ ಚಿತ್ರ ಬರೆಸುವ ಖರ್ಚು ಯಾರಿಗೆ ನೀಗೀತು? ಆ ಆಟಗಳು ಅರಮನೆಯ ಹೊಸ್ತಿಲು ದಾಟಲಿಲ್ಲ.

ಜನರ ನಡುವೆ ಬದುಕಿದ್ದು ಸಣ್ಣ ಕಟ್ಟುಗಳು: 8 ಬಣ್ಣಗಳ 96 ಎಲೆ, ದಶಾವತಾರದ 120 ಎಲೆ. ಶ್ರೀಮಂತರಿಗೆ ದಂತದ ಎಲೆಗಳಾದರೆ, ಪೇಟೆಯವರಿಗೆ ಗಂಜಿ ಹಾಕಿದ ಬಟ್ಟೆಯವು, ರಟ್ಟಿನವು. ಮಜಾ ಮಾತ್ರ ಕಡಿಮೆಯಾಗಲಿಲ್ಲ. ರಾಜ, ಮಂತ್ರಿಯ ನಂತರ ಅರ್ಧ ಬಣ್ಣಗಳಲ್ಲಿ ಹತ್ತು ದೊಡ್ಡದು. ಉಳಿದರ್ಧದಲ್ಲಿ ಒಂದೇ ದೊಡ್ಡದು. ಹಾಗಾಗಿ ಬಡಕಲಾಗಿ ಕಂಡ ಕೈಯೂ ಗೆಲ್ಲಬಹುದಿತ್ತು.

ಮುಂದೆ ಅಚ್ಚಾದ 52 ಎಲೆಗಳ ಇಸ್ಪೀಟು ಬಂತು. ಅದು ಇನ್ನೂ ಅಗ್ಗ. ಅದರೆದುರು ಪೇಟೆಯ ಗಂಜೀಫಾವೂ ಹಿಂದೆ ಸರಿಯಿತು. ಇವತ್ತು ಹೊನ್ನಾಳಿಯ ಜಗಲಿಯಲ್ಲಿ ಹರಡುವುದು ಆ 52 ಎಲೆಗಳೇ.