ಕರಾವಳಿಯಲ್ಲಿ ವಾಣಿಜ್ಯ ಶಿಕ್ಷಣ: ಹೆತ್ತವರೂ ಯುವಜನರೂ ತಿಳಿದಿರಬೇಕಾದ ವಿಷಯಗಳು

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಪ್ರಕಟವಾದೊಡನೆ ನಮ್ಮ ಅನೇಕ ಕುಟುಂಬಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: "ಮಗಳನ್ನು ಕಾಮರ್ಸ್‌ಗೆ ಸೇರಿಸೋಣವೇ? ಮುಂದೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕೀತೇ?" ಈ ಪ್ರಶ್ನೆಯ ಹಿಂದೆ ನಮ್ಮ ಜಿಲ್ಲೆಗಳ ನೂರು ವರ್ಷಗಳ ಅನುಭವವಿದೆ. ಆದರೆ ಆ ಅನುಭವದ ನೆಲೆ ಈಗ ಬದಲಾಗಿದೆ. ಅದನ್ನು ಅರಿಯದೆ ಕೋರ್ಸು ಆರಿಸಿದರೆ, ಅದಕ್ಕಾಗಿ ಚಿನ್ನ ಅಡವಿಟ್ಟರೆ, ಹೊರೆ ಬೀಳುವುದು ಮಕ್ಕಳ ಹೆಗಲಿಗೆ. ಆದ್ದರಿಂದ ಈ ಕಿರು ಮಾಹಿತಿ.

ಬ್ಯಾಂಕುಗಳ ತವರು

1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಮಂಗಳೂರಿನಲ್ಲಿ ಈಗಿನ ಕೆನರಾ ಬ್ಯಾಂಕಿಗೆ ಅಡಿಪಾಯ ಹಾಕಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳತ್ವದಲ್ಲಿ ಕಾರ್ಪೊರೇಶನ್ ಬ್ಯಾಂಕ್ ಆರಂಭವಾಯಿತು. 1912ರಲ್ಲಿ ಮಂಗಳೂರು ಕೆಥೊಲಿಕ್ ಕೋ-ಆಪರೇಟಿವ್ ಸಂಸ್ಥೆ, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ಎ.ಬಿ. ಶೆಟ್ಟಿಯವರ ನೇತೃತ್ವದಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದವು. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಆರಂಭಿಸಿದ ಪಿಗ್ಮಿ ಯೋಜನೆಯಲ್ಲಿ ಏಜೆಂಟರು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯನ್ನೂ ಸಂಗ್ರಹಿಸುತ್ತಿದ್ದರು. ಹನಿಗೂಡಿದರೆ ಹಳ್ಳ ಎಂಬ ಮಾತನ್ನು ಲೆಕ್ಕದ ಪುಸ್ತಕದಲ್ಲಿ ನಿಜ ಮಾಡಿ ತೋರಿಸಿದ ಊರು ನಮ್ಮದು.

ಬಿ.ಕಾಂ. ಮುಗಿಸಿ ಬ್ಯಾಂಕ್ ಪರೀಕ್ಷೆ ಬರೆದು ಗುಮಾಸ್ತರಾಗಿ ಸೇರಿದವರು ಆ ಸಂಬಳದಿಂದ ಮನೆ ಕಟ್ಟಿಸಿದರು, ತಂಗಿಯರ ಮದುವೆ ಮಾಡಿಸಿದರು. ಆದರೆ 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋದವು. ಕೌಂಟರಿನ ಅರ್ಧ ಕೆಲಸವನ್ನು ಇಂದು ಮೊಬೈಲ್ ಫೋನೇ ಮಾಡುತ್ತಿದೆ. ಬ್ಯಾಂಕ್ ಕೆಲಸ ಈಗಲೂ ಇದೆ. ಆದರೆ ಅದಕ್ಕೆ ಅಖಿಲ ಭಾರತ ಮಟ್ಟದ ಪೈಪೋಟಿ ಇದೆ. ಅದೊಂದನ್ನೇ ನಂಬಿ ಕೂರುವಂತಿಲ್ಲ.

ಕಲಿಯಲು ಊರೇ ಪಾಠಶಾಲೆ

ಹಾಗಾದರೆ ವಾಣಿಜ್ಯ ಕಲಿತು ಪ್ರಯೋಜನವೇನು? ನಮ್ಮ ಸುತ್ತ ನಡೆಯುವ ವ್ಯವಹಾರವನ್ನೇ ನೋಡೋಣ. 1974ರಲ್ಲಿ ಪ್ರಮುಖ ಬಂದರೆಂದು ಘೋಷಿತವಾದ ಪಣಂಬೂರಿನ ನವಮಂಗಳೂರು ಬಂದರಿಗೆ ಕಚ್ಚಾತೈಲ, ಕಲ್ಲಿದ್ದಲು ಬರುತ್ತವೆ, ಅಲ್ಲಿಂದ ಕಾಫಿ ಹೊರದೇಶಗಳಿಗೆ ಹೋಗುತ್ತದೆ. ಪ್ರತಿ ಸರಕಿನ ಹಿಂದೆ ಕಸ್ಟಮ್ಸ್ ದಾಖಲೆ, ವಿಮೆ, ವಿದೇಶಿ ವಿನಿಮಯ, ಸಾಗಾಟದ ಲೆಕ್ಕ ಇರುತ್ತದೆ. ಇದನ್ನು ಸರಿಯಾಗಿ ಬಲ್ಲವರಿಗೆ ಇಲ್ಲಿಯೂ ಕೊಲ್ಲಿ ರಾಷ್ಟ್ರಗಳಲ್ಲಿಯೂ ಬೇಡಿಕೆ ಇದೆ.

ಅಡಿಕೆ ಬೆಳೆಗಾರರು 1973ರಲ್ಲಿ ಕಟ್ಟಿದ ಕ್ಯಾಂಪ್ಕೋ ಸಹಕಾರಿ ಸಂಸ್ಥೆ, ಮುಂದೆ ಕೋಕೋ ಖರೀದಿಗೂ ಇಳಿದು 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಹಣ್ಣಿನ ವ್ಯಾಪಾರಿಯ ಮಗನಾಗಿ ಮೂಲ್ಕಿ ಕಡೆಯಿಂದ ಮುಂಬಯಿಗೆ ಹೋದ ರಘುನಂದನ್ ಕಾಮತ್ 1984ರಲ್ಲಿ ಜುಹುವಿನಲ್ಲಿ 'ನ್ಯಾಚುರಲ್ಸ್' ಐಸ್‌ಕ್ರೀಮ್ ಅಂಗಡಿ ಇಟ್ಟರು. ಮಾಗಿದ ಹಣ್ಣನ್ನು ಗುರುತಿಸುವ ಮನೆಯ ವಿದ್ಯೆಯೇ ಅವರ ಬಂಡವಾಳವಾಯಿತು.

ಮೀನುಗಾರಿಕೆಯ ಲೆಕ್ಕವೂ ಒಂದು ಪಾಠ. ಬಿಸಿಲಿನ ತಿಂಗಳುಗಳಲ್ಲಿ ಮಲ್ಪೆಯಲ್ಲಿ ದೋಣಿ ಓಡುತ್ತದೆ, ಹಣ ಓಡಾಡುತ್ತದೆ. ಆದರೆ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ನಿಷೇಧ. ಆ ಎರಡು ತಿಂಗಳು ಆದಾಯವಿಲ್ಲ, ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ. ಹತ್ತು ತಿಂಗಳ ದುಡಿಮೆಯನ್ನು ಹನ್ನೆರಡು ತಿಂಗಳಿಗೆ ಹಂಚುವುದು ಹೇಗೆಂದು ಬಲ್ಲವನು ಹಣಕಾಸು ನಿರ್ವಹಣೆಯ ಮೊದಲ ಅಧ್ಯಾಯ ಕಲಿತಂತೆಯೇ.

ಯಾವ ದಾರಿ ಯಾರಿಗೆ?

ಬಿ.ಕಾಂ.: ಲೆಕ್ಕಪತ್ರ, ತೆರಿಗೆ, ಕಾನೂನುಗಳಲ್ಲಿ ಆಸಕ್ತಿ ಇರುವವರಿಗೆ. ಕರ್ನಾಟಕದಲ್ಲಿ 2024-25ರಿಂದ ಮತ್ತೆ ಮೂರು ವರ್ಷಗಳ ಪದವಿ. 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ (2024ರಿಂದ ಡೀಮ್ಡ್ ವಿಶ್ವವಿದ್ಯಾನಿಲಯ), 1921ರ ಸಂತ ಆಗ್ನೆಸ್, ಪುತ್ತೂರಿನ ಸಂತ ಫಿಲೋಮಿನಾ, ಕಲ್ಯಾಣಪುರದ ಮಿಲಾಗ್ರಿಸ್ ಮುಂತಾದ ಕಾಲೇಜುಗಳಲ್ಲಿಯೂ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿಯೂ ಕಲಿಯಬಹುದು.

ಬಿ.ಬಿ.ಎ.: ಮಾರಾಟ, ಆಡಳಿತ, ಸ್ವಂತ ಉದ್ಯಮದತ್ತ ಒಲವುಳ್ಳವರಿಗೆ. 2024-25ರಿಂದ ಈ ಕೋರ್ಸು ಎಐಸಿಟಿಇ ವ್ಯಾಪ್ತಿಗೆ ಬಂದಿದೆ. ಸೇರುವ ಮೊದಲು ಕಾಲೇಜಿಗೆ ಅನುಮೋದನೆ ಇದೆಯೇ ಎಂದು ಕೇಳಿ.

ಸಿ.ಎ.: ಖರ್ಚು ಕಡಿಮೆ, ಶ್ರಮ ಹೆಚ್ಚು. ಪಿಯುಸಿ ಬಳಿಕ ಫೌಂಡೇಶನ್ ಪರೀಕ್ಷೆ ಬರೆಯಬಹುದು. ಕಾಮರ್ಸ್ ಪದವಿಯಲ್ಲಿ ಶೇ. 55 ಅಂಕ ಪಡೆದವರು ನೇರವಾಗಿ ಇಂಟರ್‌ಮೀಡಿಯೆಟ್ ಹಂತಕ್ಕೆ ಹೋಗಬಹುದು. 2023ರ ಹೊಸ ವ್ಯವಸ್ಥೆಯಂತೆ ಆರ್ಟಿಕಲ್‌ಶಿಪ್ ಎರಡು ವರ್ಷ. ಮಂಗಳೂರಿನಲ್ಲಿ ಸಂಸ್ಥೆಯ ಶಾಖೆ ಇದೆ.

ಎಂ.ಬಿ.ಎ.: ರಾಜ್ಯದ ಪಿಜಿಸಿಇಟಿ ಅಥವಾ ಕ್ಯಾಟ್, ಮ್ಯಾಟ್ ಪರೀಕ್ಷೆಗಳ ಮೂಲಕ ಪ್ರವೇಶ. ಮಣಿಪಾಲದ ಟ್ಯಾಪ್ಮಿ, ನಿಟ್ಟೆಯ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ ಸಂಸ್ಥೆ, ಬೀರಿಯ ಅಲೋಶಿಯಸ್ ಸಂಸ್ಥೆ ಇಲ್ಲಿ ಹೆಸರಾದವು. ಪದವಿಯ ಬಳಿಕ ಒಂದೆರಡು ವರ್ಷ ದುಡಿದು ಸೇರಿದವರಿಗೆ ಪಾಠ ಹೆಚ್ಚು ಅರ್ಥವಾಗುತ್ತದೆ.

ಸಾಲಕ್ಕೆ ಸಹಿ ಹಾಕುವ ಮೊದಲು

8 ಲಕ್ಷ ರೂ. ಸಾಲವನ್ನು ಶೇ. 10 ಬಡ್ಡಿಯಲ್ಲಿ 7 ವರ್ಷಗಳಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 13,280 ರೂ. ಒಟ್ಟು ಕಟ್ಟುವುದು 11 ಲಕ್ಷಕ್ಕೂ ಮಿಕ್ಕಿ. ಕಲಿಕೆಯ ಅವಧಿಯ ಬಡ್ಡಿ ಇದರಲ್ಲಿ ಸೇರಿಲ್ಲ. ಆದ್ದರಿಂದ ಕಾಲೇಜಿನಲ್ಲಿ ಈ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿ: ಕಳೆದ ವರ್ಷ ಎಷ್ಟು ಮಂದಿಗೆ ಕೆಲಸ ಸಿಕ್ಕಿತು? ಅತಿ ಹೆಚ್ಚಿನ ಸಂಬಳ ಬೇಡ, ನಡುವಿನ ವಿದ್ಯಾರ್ಥಿಗೆ ಸಿಕ್ಕಿದ್ದೆಷ್ಟು? ಹಾಸ್ಟೆಲ್, ಸಮವಸ್ತ್ರ, ಪ್ರವಾಸ ಎಲ್ಲ ಸೇರಿ ಪೂರ್ಣ ಖರ್ಚೆಷ್ಟು? ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.

2024ರ ನವೆಂಬರಿನಲ್ಲಿ ಕೇಂದ್ರ ಸರಕಾರ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಸಂಸ್ಥೆಗಳಿಗೆ ಸೇರುವವರಿಗೆ ಅಡಮಾನವಿಲ್ಲದೆ ಸಾಲ ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ, ನಿಯಮಗಳಿಗೆ ಒಳಪಟ್ಟು, ಶೇ. 3 ಬಡ್ಡಿ ರಿಯಾಯಿತಿಯೂ ಇದೆ. ಚಿನ್ನ ಅಡವಿಡುವ ಮೊದಲು, ನೀವು ಆರಿಸಿದ ಸಂಸ್ಥೆ ಆ ಪಟ್ಟಿಯಲ್ಲಿದೆಯೇ ಎಂದು ವಿಚಾರಿಸಿ.

ಚರ್ಚ್ ಮಟ್ಟದಲ್ಲಿ

ಪ್ರತಿ ಚರ್ಚ್ ವ್ಯಾಪ್ತಿಯಲ್ಲಿಯೂ ನಿವೃತ್ತ ಬ್ಯಾಂಕ್ ಅಧಿಕಾರಿಗಳು, ಲೆಕ್ಕಪರಿಶೋಧಕರು, ಗಲ್ಫಿನಿಂದ ಮರಳಿದ ಲೆಕ್ಕಿಗರು ಇದ್ದಾರೆ. ಪಾಲನಾ ಮಂಡಳಿಯವರು ಏಪ್ರಿಲ್-ಮೇ ತಿಂಗಳಲ್ಲಿ ಒಂದು ಭಾನುವಾರ ಪೂಜೆಯ ಬಳಿಕ ಇವರನ್ನು ಹೆತ್ತವರೊಂದಿಗೆ ಕೂರಿಸಬಹುದು. ಸಾಲದ ಅರ್ಜಿ ತುಂಬಿಸಲು ಒಂದು ಕಂಪ್ಯೂಟರ್, ಒಬ್ಬ ಯುವಕ ಸಾಕು. ರಜೆಯಲ್ಲಿ ಮಕ್ಕಳನ್ನು ಊರಿನ ಅಂಗಡಿ, ಸಹಕಾರಿ ಸಂಘ, ಲೆಕ್ಕಪರಿಶೋಧಕರ ಕಚೇರಿಗೆ ಒಂದು ತಿಂಗಳು ಕಳುಹಿಸುವುದೂ ಒಳ್ಳೆಯದು. ಕಾಮರ್ಸ್ ತನಗೆ ಒಗ್ಗುತ್ತದೆಯೇ ಎಂಬುದು ಶುಲ್ಕ ಕಟ್ಟುವ ಮೊದಲೇ ಅವರಿಗೆ ತಿಳಿದುಬರುತ್ತದೆ.