ಇಂಜಿನ್ನಿನ ಬಡಿತ ಮತ್ತು ಸೀಸದ ಮದ್ದು

ಮುಂಜಾನೆ ಗಾಡಿ ಚಾಲೂ ಮಾಡಿದ ಕೂಡಲೇ ಇಂಜಿನ್ ಟಕಟಕ ಅಂದರೆ, ನಮ್ಮ ಅಕ್ಕಲಕೋಟದ ಕಡೆ ತಿಳಿದ ಮಿಸ್ತ್ರಿ ಮೊದಲು ಕೇಳುವುದು ಒಂದೇ ಮಾತು: "ಸಪ್ಪಳ ಯಾವಾಗ ಬರ್ತದ, ಎಷ್ಟೊತ್ತು ಇರ್ತದ?" ರಾತ್ರಿಯೆಲ್ಲ ನಿಂತ ಗಾಡಿಯೊಳಗ ಆಯಿಲ್ ಕೆಳಗ ಇಳಿದಿರ್ತದ. ಅದು ಮತ್ತೆ ಮೇಲೇರುವ ತನಕ ಎರಡು-ಮೂರು ಸೆಕೆಂಡ್ ಬಡಿದು ಸುಮ್ಮನಾದರೆ ಆಯಿಲ್ ಮಟ್ಟ ನೋಡಬೇಕು, ಆಯಿಲ್ ಮತ್ತು ಫಿಲ್ಟರ್ ಹಳತಾಗಿದ್ದರೆ ಬದಲಿಸಬೇಕು. ಸಪ್ಪಳ ದಪ್ಪಗಿದ್ದು ಇಂಜಿನ್ ಕಾದ ಮೇಲೂ ನಿಲ್ಲದಿದ್ದರೆ ಬೇರಿಂಗ್ ಸವೆದಿರಬಹುದು. ಗಾಡಿ ಓಡಿಸದೆ ಆಯಿಲ್ ಒತ್ತಡ ಅಳೆಸಬೇಕು. ಏರು ಹತ್ತುವಾಗ ಮಾತ್ರ ಟಣಟಣ ಅಂದರೆ ಅದು ಬೇರೆ ರೋಗ, ಪೆಟ್ರೋಲ್ ಉರಿಯುವ ರೀತಿಗೆ ಸೇರಿದ್ದು. ಈ ಮೂರನೆಯ ಬಡಿತಕ್ಕೆ ನೂರು ವರ್ಷ ಮೀರಿದ ಇತಿಹಾಸವಿದೆ. ರೋಗವನ್ನು ಸರಿಯಾಗಿ ಹಿಡಿದವರೇ ಅದಕ್ಕೆ ವಿಷದ ಮದ್ದು ಕೊಟ್ಟರು ನೋಡ್ರಿ.

ಮೋಟಾರು ಬಂದ ಹೊಸದರಲ್ಲಿ ಹ್ಯಾಂಡಲ್ ತಿರುವಿ ಇಂಜಿನ್ ಚಾಲೂ ಮಾಡಬೇಕಿತ್ತು. ಹ್ಯಾಂಡಲ್ ಹಿಂದಕ್ಕೆ ಒದ್ದರೆ ಮುಂಗೈ ಮುರಿಯುತ್ತಿತ್ತು. ಅಮೆರಿಕದ ಡೇಟನ್ ಊರಿನ ಚಾರ್ಲ್ಸ್ ಕೆಟರಿಂಗ್ ಬ್ಯಾಟರಿಯಿಂದ ತಿರುಗುವ ಸ್ಟಾರ್ಟರ್ ಮಾಡಿದರು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಅದು ಬಂತು. ಕಿಡಿ ಹಾರಿಸುವುದಕ್ಕೂ ಅವರದೇ ಬ್ಯಾಟರಿ ವ್ಯವಸ್ಥೆ ಇತ್ತು. ಇಂಜಿನ್ ಬಡಿಯುವ ದೂರು ಬಂದಾಗ ಜನ ಬಿಟ್ಟಾರೆಯೇ? ಹೊಸದಾಗಿ ಬಂದ ಬ್ಯಾಟರಿ ಕಿಡಿಯ ಮೇಲೇ ತಪ್ಪು ಹೊರಿಸಿದರು. 1916ರಲ್ಲಿ ಕೆಟರಿಂಗ್ ತಮ್ಮ ಕೈಕೆಳಗಿನ ಥಾಮಸ್ ಮಿಜ್ಲಿ ಎಂಬ ತರುಣ ಇಂಜಿನಿಯರನನ್ನು ನಿಜವಾದ ಕಾರಣ ಹುಡುಕಲು ಹಚ್ಚಿದರು.

ಸಿಲಿಂಡರಿನೊಳಗಿನ ಒತ್ತಡ ಅಳೆದು ನೋಡಿದಾಗ, ಬಡಿತ ಏಳುವುದು ಕಿಡಿ ಹಾರುವ ಮೊದಲಲ್ಲ, ಹಾರಿದ ನಂತರ ಎಂದು ತಿಳಿಯಿತು. ಪ್ಲಗ್ಗಿನಿಂದ ಹೊರಟ ಉರಿ ಹರಡುತ್ತ ಹೋಗುವಾಗ, ದೂರದ ಮೂಲೆಯಲ್ಲಿ ಇನ್ನೂ ಉರಿಯದ ಅನಿಲ ಒತ್ತಡಕ್ಕೆ ಸಿಕ್ಕು ಕಾಯುತ್ತದೆ; ಉರಿ ಮುಟ್ಟುವ ಮೊದಲೇ ತಾನಾಗಿ ಹೊತ್ತಿ ಸಿಡಿಯುತ್ತದೆ. ಅದೇ ಟಣಟಣ. ಇಂಗ್ಲೆಂಡಿನ ಹ್ಯಾರಿ ರಿಕಾರ್ಡೊ ಕೂಡ ಬೇರೆಯಾಗಿ ಇದೇ ತೀರ್ಮಾನಕ್ಕೆ ಬಂದಿದ್ದರು. ದೋಷ ಕಿಡಿಯದಲ್ಲ, ಇಂಧನದ್ದು.

ಇಂಧನಕ್ಕೆ ಕೆಂಪು ಬಣ್ಣ ಹಾಕಿದರೆ ಅದು ಶಾಖವನ್ನು ಬೇಗ ಹೀರಬಹುದು ಎಂದು ಒಂದು ಊಹೆ ಮಾಡಿದರು. ಕೆಂಪು ಬಣ್ಣ ಕೈಗೆ ಸಿಗದೆ ಮಿಜ್ಲಿ ಅಯೋಡಿನ್ ಹಾಕಿದರು. ಬಡಿತ ತಗ್ಗಿತು! ಆದರೆ ಬೇರೆ ಕೆಂಪು ಬಣ್ಣಗಳನ್ನು ಹಾಕಿ ನೋಡಿದರೆ ಏನೂ ಆಗಲಿಲ್ಲ. ಅಂದರೆ ಕೆಲಸ ಮಾಡಿದ್ದು ಬಣ್ಣವಲ್ಲ, ಅಯೋಡಿನ್. ಅಯೋಡಿನ್ ತುಟ್ಟಿ, ಲೋಹವನ್ನೂ ತಿನ್ನುತ್ತದೆ. ಅದಕ್ಕೇ ಹುಡುಕಾಟ ಮುಂದುವರಿಯಿತು. 1921ರ ಡಿಸೆಂಬರ್ 9ರಂದು ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ದ್ರವ ಸಿಕ್ಕಿತು. ಒಂದು ಗ್ಯಾಲನ್ ಪೆಟ್ರೋಲಿಗೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಹಾಕಿದರೆ ಬಡಿತ ಮಾಯ.

ಮದ್ಯಸಾರ, ಅಂದರೆ ಎಥನಾಲ್, ಬೆರೆಸಿದರೂ ಬಡಿತ ನಿಲ್ಲುತ್ತದೆ ಎಂಬುದು ಅವರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೆ ಅದನ್ನು ಯಾರು ಬೇಕಾದರೂ ಮಾಡಬಹುದು, ಬೆರೆಸುವುದೂ ಹೆಚ್ಚು ಬೇಕು. ಸೀಸದ್ದಾದರೆ ಹನಿ ಸಾಕು, ಪೇಟೆಂಟೂ ಸಿಗುತ್ತದೆ. 1923ರ ಫೆಬ್ರವರಿಯಲ್ಲಿ ಡೇಟನ್ನಿನಲ್ಲಿ ಅದರ ಮಾರಾಟ ಶುರುವಾಯಿತು. ಹೆಸರು 'ಈಥೈಲ್'. ಸೀಸ ಎಂಬ ಮಾತೇ ಆ ಹೆಸರಿನಲ್ಲಿಲ್ಲ!

ಸೀಸ ವಿಷವೆಂದು ಆಗಲೇ ಎಲ್ಲರಿಗೂ ಗೊತ್ತಿತ್ತು. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಕಾರ್ಖಾನೆಯಲ್ಲಿ ಇದನ್ನು ತಯಾರಿಸುತ್ತಿದ್ದ ಕೆಲಸಗಾರರಿಗೆ ಬುದ್ಧಿಭ್ರಮೆಯಾಗಿ ಐದು ಮಂದಿ ಸತ್ತರು. ಮಿಜ್ಲಿ ಪತ್ರಕರ್ತರ ಮುಂದೆ ಆ ದ್ರವದಲ್ಲಿ ಕೈ ತೊಳೆದು, ಮೂಸಿ ತೋರಿಸಿದರು. ಹಿಂದಿನ ವರ್ಷವಷ್ಟೇ ಅವರೇ ಸೀಸದ ವಿಷ ಏರಿ ವಿಶ್ರಾಂತಿ ತೆಗೆದುಕೊಂಡಿದ್ದರು. 1925ರಲ್ಲಿ ವಾಷಿಂಗ್ಟನ್ನಿನಲ್ಲಿ ಸರ್ಕಾರ ಸಭೆ ಕರೆಯಿತು. ಕಾರ್ಖಾನೆ ರೋಗಗಳನ್ನು ಬಲ್ಲ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಇದು ಬೇಡವೆಂದು ಗಟ್ಟಿಯಾಗಿ ಹೇಳಿದರು. ಮರುವರ್ಷ ಸಮಿತಿಯೊಂದು, ನಿಷೇಧಿಸಲು ಕಾರಣವಿಲ್ಲ ಎಂದಿತು. ಮಾರಾಟ ಮುಂದುವರಿಯಿತು.

ಹೊಗೆಯೊಡನೆ ಹೊರಬಂದ ಸೀಸ ರಸ್ತೆಯ ಧೂಳಿನಲ್ಲಿ ಕೂಡುತ್ತದೆ. ಧೂಳಿನಲ್ಲಿ ಆಡಿ ಬೆರಳು ಬಾಯಿಗಿಡುವ ಕೂಸಿನ ಮೈಗೆ ಸೇರಿ, ಬೆಳೆಯುವ ಮಿದುಳಿಗೆ ಕೆಡುಕು ಮಾಡುತ್ತದೆ. ಭೂವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ 1965ರಲ್ಲಿ, ಮನುಷ್ಯರ ಮೈಯೊಳಗಿನ ಸೀಸ ಸಹಜ ಪ್ರಮಾಣವನ್ನು ಬಹಳ ಮೀರಿದೆ ಎಂದು ಲೆಕ್ಕ ಸಮೇತ ಬರೆದರು. ಆದರೂ ನಿಲ್ಲಿಸಲು ದಶಕಗಳೇ ಹಿಡಿದವು. ನಮ್ಮ ದೇಶದಲ್ಲಿ ಎಲ್ಲ ಕಡೆ ಸೀಸವಿಲ್ಲದ ಪೆಟ್ರೋಲ್ ಬಂದದ್ದು 2000ದ ಫೆಬ್ರವರಿಯಲ್ಲಿ. ಜಗತ್ತಿನಲ್ಲೇ ಕೊನೆಯದಾಗಿ ಅಲ್ಜೀರಿಯ 2021ರಲ್ಲಿ ರಸ್ತೆ ವಾಹನಗಳಿಗೆ ಅದನ್ನು ಮಾರುವುದು ಬಿಟ್ಟಿತು.

ಈಗ ಪೆಟ್ರೋಲಿಗೆ ಎಥನಾಲ್ ಬೆರೆಸುತ್ತಾರೆ. ನಮ್ಮ ಸೊಲ್ಲಾಪುರ ಜಿಲ್ಲೆಯ ಕಬ್ಬೂ ಆ ದಾರಿ ಹಿಡಿದಿದೆ. ನೂರು ವರ್ಷದ ಹಿಂದೆ ಬದಿಗಿಟ್ಟ ಮದ್ದೇ ಮರಳಿ ಬಂತು. ಅದಕ್ಕೂ ತನ್ನದೇ ತೊಡಕುಗಳಿವೆ: ನೀರನ್ನು ಎಳೆದುಕೊಳ್ಳುತ್ತದೆ, ಹಳೇ ಗಾಡಿಗಳ ರಬ್ಬರ್ ಪೈಪಿಗೆ ಒಗ್ಗುವುದಿಲ್ಲ. ಅದನ್ನೂ ಕಣ್ಣು ಮುಚ್ಚಿ ಹೊಗಳಬೇಕಾಗಿಲ್ಲ.

ಸಾಲೆಯಲ್ಲಿ ಮಕ್ಕಳಿಗೆ ಈ ಕಥೆ ಹೇಳುವಾಗ ಅಯೋಡಿನ್ನಿನ ಜಾಣತನದ ಜೊತೆಗೆ ಬೇವೇಯ ಐದು ಸಾವನ್ನೂ ಹೇಳಬೇಕು. ಬೇರಿಂಗ್ ಸವೆದ ಗಾಡಿಗೆ ದಪ್ಪ ಆಯಿಲ್ ಸುರಿದು ಸಪ್ಪಳ ಅಡಗಿಸಿ ಮಾರುವವರು ಇಂದಿಗೂ ಇದ್ದಾರೆ. ಸಪ್ಪಳ ನಿಂತಿತು ಅಂತ ಯಾರಾದರೂ ಹೇಳಿದರೆ, ಏನು ಹಾಕಿ ನಿಲ್ಲಿಸಿದಿರಿ, ಅದು ಮುಂದೆ ಎಲ್ಲಿಗೆ ಹೋಗ್ತದ ಅಂತ ಕೇಳುವುದನ್ನು ನಾವೂ ಕಲಿಯಬೇಕು, ಮಕ್ಕಳಿಗೂ ಕಲಿಸಬೇಕು.